ಪ್ರಯಾಣ ಪ್ರಶ್ನೋತ್ತರ: ನಡುದಾರಿಯ ಊರಿನಲ್ಲಿ ಒಂದು ಹಗಲು

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೊರಟು ನಿಂತವರ ಪತ್ರಗಳು ಈ ಅಂಕಣಕ್ಕೆ ಸದಾ ಬರುತ್ತವೆ. ವೀಸಾ, ವಿಮೆ, ಉಪ್ಪಿನಕಾಯಿ ಡಬ್ಬಿಗಳ ಪ್ರಶ್ನೆಗಳ ಜೊತೆಗೆ ಈ ಬಾರಿ ಹಲವರು ಕೇಳಿರುವುದು, ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತುವ ನಡುವೆ ಸಿಗುವ ಸಮಯದಲ್ಲಿ ಆ ಊರನ್ನು ನೋಡಿ ಬರಬಹುದೇ ಎಂದು. ಬೆಂಗಳೂರಿನಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಗುವವರಲ್ಲಿ ಅನೇಕರು ಸಿಂಗಪುರದಲ್ಲಿ ವಿಮಾನ ಬದಲಿಸುವುದರಿಂದ ಪತ್ರಗಳಲ್ಲಿಯೂ ಆ ಊರಿನ ಹೆಸರೇ ಹೆಚ್ಚು. ಉತ್ತರವೂ ಅಲ್ಲಿಂದಲೇ ಆರಂಭವಾಗಲಿ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗಳ ಬಾಣಂತನಕ್ಕೆಂದು ನಾನು ಮತ್ತು ನನ್ನ ಪತ್ನಿ ಮೆಲ್ಬರ್ನ್‌ಗೆ ಹೊರಟಿದ್ದೇವೆ. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಬೆಳಗ್ಗೆ ಆರಕ್ಕೆ ಸಿಂಗಪುರ ತಲುಪುತ್ತದೆ. ಮುಂದಿನ ವಿಮಾನ ರಾತ್ರಿ ಎಂಟಕ್ಕೆ. ಹದಿನಾಲ್ಕು ಗಂಟೆ ನಿಲ್ದಾಣದಲ್ಲಿ ಕೂರಬೇಡಿ, ಊರು ನೋಡಿಕೊಂಡು ಬನ್ನಿ ಎಂದು ಅಳಿಯಂದಿರು ಹೇಳುತ್ತಿದ್ದಾರೆ. ಪತ್ನಿಗೆ ಮಂಡಿನೋವಿದೆ. ಇಬ್ಬರೂ ಸಸ್ಯಾಹಾರಿಗಳು. ಹೊರಗೆ ಹೋಗುವುದು ಕ್ಷೇಮವೇ? ಹೋದರೆ ಏನೇನು ನೋಡಬಹುದು?
(ಮೈಸೂರಿನ ಓದುಗರು)

ಉತ್ತರ: ಕ್ಷೇಮದ ಬಗ್ಗೆ ಚಿಂತೆ ಬೇಡ. ಹಿರಿಯರು ಇಬ್ಬರೇ ಓಡಾಡುವುದಕ್ಕೆ ಸಿಂಗಪುರದಷ್ಟು ಅನುಕೂಲವಾದ ಊರುಗಳು ಕಡಿಮೆ. ಫಲಕಗಳು ಇಂಗ್ಲಿಷಿನಲ್ಲಿವೆ, ಹಲವೆಡೆ ತಮಿಳಿನಲ್ಲಿಯೂ ಇವೆ. ಟ್ಯಾಕ್ಸಿಗಳು ಮೀಟರಿನ ಪ್ರಕಾರ ಓಡುತ್ತವೆ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ನಿಮ್ಮ ಅಳಿಯಂದಿರ ಸಲಹೆ ಸರಿಯಾಗಿದೆ.

ಆದರೆ ಹದಿನಾಲ್ಕು ಗಂಟೆ ಎಂಬುದು ಟಿಕೆಟ್ಟಿನ ಲೆಕ್ಕ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಗಿನ ಆರು ಗಂಟೆಯಾದಾಗ ನಿಮ್ಮ ದೇಹಕ್ಕೆ ನಸುಕಿನ ಮೂರೂವರೆ. ಹೊರಗೆ ಇನ್ನೂ ಕತ್ತಲಿರುತ್ತದೆ. ಸಮಭಾಜಕ ವೃತ್ತದ ಮಗ್ಗುಲಲ್ಲೇ ಇರುವ ಆ ಊರಿನಲ್ಲಿ ವರ್ಷವಿಡೀ ಸೂರ್ಯೋದಯ ಏಳರ ಆಸುಪಾಸಿನಲ್ಲಿಯೇ ಆಗುತ್ತದೆ. ಮಲೇಷ್ಯಾದ ಸಮಯಕ್ಕೆ ಹೊಂದಿಕೊಳ್ಳಲೆಂದು 1982ರಲ್ಲಿ ಅವರು ತಮ್ಮ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡಿದ್ದರ ಪರಿಣಾಮ ಇದು. ಆದ್ದರಿಂದ ಇಳಿದ ಕೂಡಲೇ ಹೊರಗೋಡುವ ಅವಸರ ಬೇಡ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಟ್ರಾನ್ಸಿಟ್ ಭಾಗದಲ್ಲಿ, ಅಂದರೆ ಇಮಿಗ್ರೇಷನ್ ತಪಾಸಣೆಗೆ ಮೊದಲು ವಿಮಾನ ಬದಲಿಸುವವರು ಕಾಯುವ ಜಾಗದಲ್ಲಿ, ಹಣ ಕೊಟ್ಟು ಸ್ನಾನ ಮಾಡುವ ವ್ಯವಸ್ಥೆಯಿದೆ, ಕಾಲು ಚಾಚಿ ಒರಗುವ ಆಸನಗಳಿವೆ, ಕೈಚೀಲಗಳನ್ನು ಇಟ್ಟುಹೋಗುವ ಕೊಠಡಿಯೂ ಇದೆ. ಸ್ನಾನ, ಕಾಫಿ, ಒಂದು ಗಂಟೆಯ ವಿಶ್ರಾಂತಿ ಎಲ್ಲವನ್ನೂ ಇಮಿಗ್ರೇಷನ್ ದಾಟುವ ಮೊದಲೇ ಮುಗಿಸಿ, ಎಂಟೂವರೆಯ ಹೊತ್ತಿಗೆ ಹೊರಬನ್ನಿ. ಸಂಜೆ ಐದೂವರೆಗೆ ಮತ್ತೆ ಒಳಗಿರಬೇಕು. ಹೋಗಿ ಬರುವ ದಾರಿಯ ಸಮಯವನ್ನೂ ಕಳೆದರೆ ಊರಿನಲ್ಲಿ ನಿಮಗೆ ಉಳಿಯುವುದು ಆರೇಳು ಗಂಟೆ. ಅದು ಕಡಿಮೆಯೇನಲ್ಲ. ಆದರೆ ಅಷ್ಟರಲ್ಲಿ ಐದಾರು ಸ್ಥಳಗಳನ್ನು ಮುಗಿಸಬೇಕೆಂದು ಹೊರಟವರು ಐದಾರು ಮೆಟ್ರೊ ನಿಲ್ದಾಣಗಳನ್ನು ನೋಡಿ ಬರುತ್ತಾರೆ. ನಿಮಗೆ ಎರಡೇ ಸ್ಥಳಗಳನ್ನು ಸೂಚಿಸುತ್ತೇನೆ: ಬೆಳಗ್ಗೆ ಬೊಟಾನಿಕ್ ಗಾರ್ಡನ್ಸ್, ಮಧ್ಯಾಹ್ನ ಲಿಟಲ್ ಇಂಡಿಯಾ.

ಅದಕ್ಕೆ ಮೊದಲು ಕಾಗದಪತ್ರದ ಮಾತು. ಭಾರತೀಯರಿಗೆ ಸಿಂಗಪುರ ಪ್ರವೇಶಿಸಲು ವೀಸಾ ಬೇಕು. ಆದರೆ ಮೂರನೆಯ ದೇಶಕ್ಕೆ ಹೋಗುವ ದಾರಿಯಲ್ಲಿರುವವರಿಗೆ 96 ಗಂಟೆಗಳವರೆಗೆ ವೀಸಾ ಇಲ್ಲದೆ ಒಳಗೆ ಬಿಡುವ ಒಂದು ಸೌಲಭ್ಯವಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ಕೆನಡಾ, ಬ್ರಿಟನ್, ಜರ್ಮನಿ, ಸ್ವಿಟ್ಜರ್‌ಲೆಂಡ್, ಜಪಾನ್ ಇವುಗಳಲ್ಲಿ ಯಾವುದಾದರೊಂದರ ವೀಸಾ ನಿಮ್ಮಲ್ಲಿರಬೇಕು, ಅದಕ್ಕೆ ಕನಿಷ್ಠ ಒಂದು ತಿಂಗಳ ಅವಧಿ ಉಳಿದಿರಬೇಕು, ಮುಂದಿನ ಪ್ರಯಾಣದ ಖಚಿತ ಟಿಕೆಟ್ ಕೈಯಲ್ಲಿರಬೇಕು. ನಿಮ್ಮ ಆಸ್ಟ್ರೇಲಿಯಾ ವೀಸಾ ಬಹುಪ್ರವೇಶದ್ದೇ ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಒಂದೇ ಪ್ರವೇಶದ ವೀಸಾ ಇದ್ದವರಿಗೆ ಹೋಗುವ ದಾರಿಯಲ್ಲಿ ಈ ಸೌಲಭ್ಯ ಸಿಗುವುದಿಲ್ಲ. ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿಯಾಗಿ ಬರುವುದಿಲ್ಲ, ಮಿಂಚಂಚೆಯಲ್ಲಿ ಬರುತ್ತದೆ. ಆ ಪತ್ರವನ್ನು ಮುದ್ರಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಒಳಗೆ ಬಿಡುವ ಅಂತಿಮ ಅಧಿಕಾರ ಗಡಿಯ ಅಧಿಕಾರಿಯದು. ಅದರಲ್ಲಿ ಅನುಮಾನವೇ ಬೇಡವೆನಿಸಿದರೆ ಅಧಿಕೃತ ಏಜೆಂಟರ ಮೂಲಕ ಮುಂಚಿತವಾಗಿ ವೀಸಾ ಮಾಡಿಸಿಕೊಳ್ಳಬಹುದು. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಶುಲ್ಕ ಬೇರೆ. ಎರಡೂ ಸಂದರ್ಭಗಳಲ್ಲಿ, ಇಳಿಯುವ ದಿನವೂ ಸೇರಿ ಮೂರು ದಿನಗಳ ಒಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಬೇಕು. ಅದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ.

ಇನ್ನು ಊರಿಗೆ ಹೋಗೋಣ. ಪತ್ನಿಯವರ ಮಂಡಿಯನ್ನು ಗಮನದಲ್ಲಿಟ್ಟುಕೊಂಡು ಹೋಗುವಾಗ ಟ್ಯಾಕ್ಸಿ, ಬರುವಾಗ ಮೆಟ್ರೊ ಎಂದು ಇಟ್ಟುಕೊಳ್ಳಿ. ಬೊಟಾನಿಕ್ ಗಾರ್ಡನ್ಸ್ ಎಂಬ ಹೆಸರಿನ ಮೆಟ್ರೊ ನಿಲ್ದಾಣವೇ ಇದೆಯಾದರೂ ಅದು ತೋಟದ ಒಂದು ತುದಿಯಲ್ಲಿದೆ. ಉದ್ಯಾನದೊಳಗೆ ನೀವು ನೋಡಬೇಕಾದ ಆರ್ಕಿಡ್ ಹೂಗಳ ತೋಟ ಅಲ್ಲಿಂದ ಒಂದು ಕಿಲೋಮೀಟರಿಗೂ ದೂರ. ಟ್ಯಾಕ್ಸಿಯವರಿಗೆ ನಾಸಿಮ್ ಗೇಟ್ ಎಂದು ಹೇಳಿದರೆ ಆರ್ಕಿಡ್ ತೋಟದ ಸಮೀಪದಲ್ಲಿಯೇ ಇಳಿಸುತ್ತಾರೆ. ಉದ್ಯಾನಕ್ಕೆ ಪ್ರವೇಶ ಉಚಿತ, ನಸುಕಿನ ಐದರಿಂದ ಮಧ್ಯರಾತ್ರಿಯವರೆಗೆ ತೆರೆದಿರುತ್ತದೆ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ.

1859ರಲ್ಲಿ ಈಗಿರುವ ಜಾಗದಲ್ಲಿ ಆರಂಭವಾದ ಈ ಉದ್ಯಾನವನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಕೇವಲ ಚೆಲುವಿಗೆ ಬಂದದ್ದಲ್ಲ. ಲಂಡನ್ನಿನ ಕ್ಯೂ ಉದ್ಯಾನದಿಂದ 1877ರಲ್ಲಿ ಇಲ್ಲಿಗೆ ಬಂದ ರಬ್ಬರ್ ಸಸಿಗಳನ್ನು ಬೆಳೆಸಿ, ಮರ ಸಾಯದಂತೆ ತೊಗಟೆಯಲ್ಲಿ ಓರೆಯಾಗಿ ಗೀರಿ ಹಾಲನ್ನು ದಿನದಿನವೂ ಇಳಿಸುವ ವಿಧಾನವನ್ನು ರೂಢಿಗೆ ತಂದವರು ಇಲ್ಲಿನ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿ. ಇಂದು ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಮರದ ಮೈಮೇಲೆ ಕಾಣುವ ಓರೆ ಗೀರುಗಳ ಹಿಂದೆ ಈ ಉದ್ಯಾನದ ಪ್ರಯೋಗಗಳಿವೆ. ಆರ್ಕಿಡ್ ತೋಟದಲ್ಲಿ ಸಾವಿರಕ್ಕೂ ಹೆಚ್ಚು ಮೂಲ ಜಾತಿಗಳು ಮತ್ತು ಎರಡು ಸಾವಿರದಷ್ಟು ಮಿಶ್ರತಳಿಗಳಿವೆ. ಗಣ್ಯ ಅತಿಥಿಗಳ ಹೆಸರನ್ನು ಹೊಸ ತಳಿಗೆ ಇಡುವುದು ಇಲ್ಲಿನ ಪದ್ಧತಿ. 2018ರಲ್ಲಿ ನಮ್ಮ ಪ್ರಧಾನಿ ನರೇಂದ್ರ ಮೋದಿಯವರ ಹೆಸರನ್ನೂ ಹೀಗೆಯೇ ಒಂದು ತಳಿಗೆ ಇಟ್ಟರು. ನನಗೆ ಗಣ್ಯರ ಹೂಗಳಿಗಿಂತ ಹೆಚ್ಚು ಇಷ್ಟವಾಗುವುದು ವಾಂಡಾ ಮಿಸ್ ಜೋಕಿಮ್ ಎಂಬ ನೇರಳೆ ಬಣ್ಣದ, ತೀರಾ ಆಡಂಬರವಿಲ್ಲದ ಹೂವು. ಸಿಂಗಪುರದಲ್ಲಿ ನೆಲೆಸಿದ್ದ ಅರ್ಮೇನಿಯನ್ ಕುಟುಂಬದ ಆಗ್ನೆಸ್ ಜೋಕಿಮ್ ಎಂಬ ಮಹಿಳೆಯ ತೋಟದಿಂದ ಬಂದ ಈ ತಳಿಯನ್ನು ಅದೇ ರಿಡ್ಲಿಯವರು 1893ರಲ್ಲಿ ದಾಖಲಿಸಿದರು. ಈಗ ಅದು ಆ ದೇಶದ ರಾಷ್ಟ್ರೀಯ ಹೂವು. ತೋಟದಲ್ಲಿ ಏರುಪೇರು ಇದ್ದರೂ ಹೆಜ್ಜೆಹೆಜ್ಜೆಗೆ ಬೆಂಚುಗಳಿವೆ. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮಾಡಿದವರಿಗೆ ಇಲ್ಲಿ ಹೊಸದಾಗಿ ಕಾಣುವುದು ತೇವ: ಗಾಳಿಯೇ ಒದ್ದೆಯಾಗಿರುತ್ತದೆ, ಮರದ ಕೊಂಬೆಯ ಮೇಲೆ ಜರಿಗಿಡ, ಅದರ ಮೇಲೆ ಇನ್ನೊಂದು ಬಳ್ಳಿ ಕುಳಿತಿರುತ್ತದೆ. ಹತ್ತಿಯ ಬಟ್ಟೆ ಧರಿಸಿ, ಕೊಡೆ ಒಯ್ಯಿರಿ. ಮಳೆ ಯಾವ ತಿಂಗಳಲ್ಲಿಯೂ ಬರಬಹುದು, ಬಂದರೆ ಜೋರಾಗಿಯೇ ಬರುತ್ತದೆ.

ಹನ್ನೊಂದು ಗಂಟೆಗೆ ಅಲ್ಲಿಂದ ಹೊರಡಿ. ಈ ಸಮಯದ ಬಗ್ಗೆ ಹಟ ಹಿಡಿಯಲು ಕಾರಣವಿದೆ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿರುವ ವೀರಮಾಕಾಳಿಯಮ್ಮನ್ ದೇವಸ್ಥಾನದ ಬಾಗಿಲು ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುವುದು ಇಳಿಹೊತ್ತಿಗೆ. ಅಷ್ಟು ಹೊತ್ತಿಗೆ ನೀವು ನಿಲ್ದಾಣದ ದಾರಿಯಲ್ಲಿರಬೇಕು. ದರ್ಶನ ಮುಗಿಸಿ ಹಾಗೆಯೇ ಬಫಲೋ ರೋಡ್ ಕಡೆಗೆ ನಡೆದರೆ ಹೂವಿನ ಅಂಗಡಿಗಳು ಸಿಗುತ್ತವೆ. ಬಟ್ಟಲುಗಳಲ್ಲಿ ಮಲ್ಲಿಗೆ ಮೊಗ್ಗು, ಪಕ್ಕದಲ್ಲಿ ನೂಲಿನ ಉಂಡೆ. ಕಟ್ಟುವವರು ತಲೆಯೆತ್ತದೆ ತಮಿಳಿನಲ್ಲಿ ಮಾತನಾಡುತ್ತಲೇ ಗಂಟು ಹಾಕುತ್ತಿರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದಲ್ಲಿ ದನಕರುಗಳ ವ್ಯಾಪಾರ ನಡೆಯುತ್ತಿದ್ದುದರಿಂದ ಇಲ್ಲಿನ ರಸ್ತೆಗಳಿಗೆ ಎಮ್ಮೆಯ ಹೆಸರು ಉಳಿದುಕೊಂಡಿದೆ. ಅಂಗಡಿಗಳ ಮುಂದೆ ಮೇಲ್ಮಾಳಿಗೆಯ ನೆರಳಿನಲ್ಲಿ ಉದ್ದಕ್ಕೂ ಸಾಗುವ ಜಗುಲಿಯಂಥ ಹಾದಿಯನ್ನು ಗಮನಿಸಿ. ಐದಡಿಯ ಹಾದಿಯೆಂದೇ ಅದಕ್ಕೆ ಹೆಸರು. ಸಿಂಗಪುರದಲ್ಲಿ ಬ್ರಿಟಿಷರ ನೆಲೆಯನ್ನು ಸ್ಥಾಪಿಸಿದ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್ 1822ರ ನಗರ ಯೋಜನೆಯಲ್ಲಿಯೇ ಪ್ರತಿ ಮನೆಯ ಮುಂದೆ ಇಂಥ ಹಾದಿ ಇರಬೇಕೆಂದು ವಿಧಿಸಿದ್ದರು. ಬಿಸಿಲಿಗೂ ಮಳೆಗೂ ಅದೇ ಆಸರೆ. ಆದರೆ ಒಂದು ಅಂಗಡಿಯ ಹಾದಿಗೂ ಮುಂದಿನದಕ್ಕೂ ನಡುವೆ ಒಂದೆರಡು ಮೆಟ್ಟಿಲಿನ ವ್ಯತ್ಯಾಸವಿರುವುದುಂಟು. ಮಂಡಿನೋವಿನವರು ಕೆಳಗೆ ನೋಡಿಕೊಂಡೇ ನಡೆಯಬೇಕು.

ಊಟದ ಯೋಚನೆ ನಿಮಗೆ ಬೇಡ. 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಸೆರಂಗೂನ್ ರಸ್ತೆಯಲ್ಲಿಯೇ ಇದೆ, ಅದರ ಸುತ್ತಮುತ್ತ ಸಸ್ಯಾಹಾರಿ ಹೋಟೆಲುಗಳು ಇನ್ನೂ ಹಲವಿವೆ. ಪರದೇಶಕ್ಕೆ ಹೋಗಿಯೂ ಸಾಂಬಾರು ತಿನ್ನಬೇಕೇ ಎಂದು ಕಿರಿಯರು ಹುಬ್ಬೇರಿಸಬಹುದು. ರಾತ್ರಿಯಿಡೀ ನಿದ್ದೆಯಿಲ್ಲದೆ ಬಂದವರಿಗೆ, ರಾತ್ರಿ ಮತ್ತೆ ವಿಮಾನ ಹತ್ತಬೇಕಾದವರಿಗೆ ಪರಿಚಿತವಾದ ಊಟವೇ ಹಿತ ಎಂಬುದು ನನ್ನ ಅಭಿಪ್ರಾಯ. ಊಟದ ನಂತರದ ಬಿಸಿಲಿನ ಹೊತ್ತನ್ನು ಕ್ಯಾಂಪ್‌ಬೆಲ್ ಲೇನಿನಲ್ಲಿರುವ ಇಂಡಿಯನ್ ಹೆರಿಟೇಜ್ ಸೆಂಟರಿನಲ್ಲಿ ಕಳೆಯಿರಿ. 2015ರಲ್ಲಿ ತೆರೆದ ಈ ವಸ್ತುಸಂಗ್ರಹಾಲಯ ಭಾರತದ ಕಡೆಯಿಂದ ಸಿಂಗಪುರಕ್ಕೆ ಹೋಗಿ ನೆಲೆಸಿದವರ ಚರಿತ್ರೆಯನ್ನು ಹೇಳುತ್ತದೆ. ಹವಾನಿಯಂತ್ರಣವಿದೆ. ಸೋಮವಾರ ರಜೆ ಎಂಬುದನ್ನು ಮಾತ್ರ ಮರೆಯಬೇಡಿ.

ಮೂರೂವರೆಗೆ ಲಿಟಲ್ ಇಂಡಿಯಾ ನಿಲ್ದಾಣದಲ್ಲಿ ಡೌನ್‌ಟೌನ್ ಲೈನಿನ ರೈಲು ಹತ್ತಿ, ಅದರ ಕೊನೆಯ ಭಾಗದಲ್ಲಿ ಬರುವ ಎಕ್ಸ್‌ಪೊ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಒಂದೇ ನಿಲ್ದಾಣ ದೂರದ ಚಾಂಗಿಗೆ ಇನ್ನೊಂದು ರೈಲು ಹಿಡಿಯಿರಿ. ಒಟ್ಟು ಸುಮಾರು ಒಂದು ಗಂಟೆ. ಟಿಕೆಟ್ ಕೊಳ್ಳಬೇಕಾಗಿಲ್ಲ, ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಆದರೆ ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ, ಹಾಗೂ ವಿದೇಶದಲ್ಲಿ ತಾಗಿಸಿ ಪಾವತಿಸುವ ಸೌಲಭ್ಯವನ್ನು ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿರಬೇಕು. ನಿಲ್ದಾಣ ತಲುಪಿದ ಮೇಲೂ ಸಮಯ ಉಳಿದಿದ್ದರೆ ಜ್ಯುವೆಲ್‌ಗೆ ಹೋಗಿ ಕುಳಿತುಕೊಳ್ಳಿ. 2019ರಲ್ಲಿ ತೆರೆದ ಆ ಗಾಜಿನ ಗೋಳದ ನೆತ್ತಿಯಿಂದ 40 ಮೀಟರ್ ಕೆಳಕ್ಕೆ ನೀರು ಸುರಿಯುತ್ತದೆ, ಸುತ್ತಲೂ ಕಾಡು ಬೆಳೆಸಿದ್ದಾರೆ. ಮನುಷ್ಯ ನಿರ್ಮಿಸಿದ ಜಲಪಾತದ ಬಗ್ಗೆ ಜೋಗ ಕಂಡವರಿಗೆ ಬಿಗುಮಾನವಿರುವುದು ಸಹಜ, ಆದರೂ ನೋಡುವಂತಿದೆ.

ಮರಿನಾ ಬೇ, ಮೆರ್ಲಯನ್ ಪ್ರತಿಮೆ, ದೀಪದ ಮರಗಳು ಇವುಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅವು ಸಂಜೆಯ ನೋಟಗಳು. ನಡುಮಧ್ಯಾಹ್ನ ಆ ದಂಡೆಯ ಮೇಲೆ ನೆರಳೂ ಕಡಿಮೆ.

ನಿಮ್ಮ ಸಾಮಾನಿನ ಬಗ್ಗೆ ಎರಡು ಮಾತು. ಬಾಣಂತಿಗೆಂದು ಅಂಟಿನುಂಡೆ ಕಟ್ಟುವುದಾದರೆ ಗಸಗಸೆ ಹಾಕಬೇಡಿ. ಸಿಂಗಪುರದಲ್ಲಿ ಗಸಗಸೆಯನ್ನು ಮಾದಕ ವಸ್ತುಗಳ ಕಾನೂನಿನ ಅಡಿಯಲ್ಲಿ ನೋಡುತ್ತಾರೆ. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಗುಟ್ಕಾ, ಚ್ಯೂಯಿಂಗ್ ಗಮ್, ಇ-ಸಿಗರೇಟು ಇವುಗಳಿಗೂ ಅಲ್ಲಿ ಪ್ರವೇಶವಿಲ್ಲ. ಆರ್ಕಿಡ್ ಸಸಿ, ಹೂವು, ಬೀಜಗಳನ್ನು ಕೊಂಡು ಮೆಲ್ಬರ್ನ್‌ಗೆ ಒಯ್ಯುವ ಯೋಚನೆಯನ್ನೂ ಬಿಡಿ. ಆಸ್ಟ್ರೇಲಿಯಾದವರು ಆಹಾರ ಮತ್ತು ಸಸ್ಯಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು; ಪುಡಿ, ಲೇಹ್ಯ, ತಿಂಡಿ ಏನೇ ಇದ್ದರೂ ಇಳಿಯುವ ಮೊದಲು ಕೊಡುವ ಅರ್ಜಿಯಲ್ಲಿ ಬರೆದು ತೋರಿಸಿ. ಮುಡಿಯಲ್ಲಿ ಸೆರಂಗೂನ್ ರಸ್ತೆಯ ಮಲ್ಲಿಗೆ ಉಳಿದಿದ್ದರೆ ಅದನ್ನೂ ವಿಮಾನ ಹತ್ತುವ ಮೊದಲು ತೆಗೆಯಬೇಕಾಗುತ್ತದೆ.

ಪ್ರಶ್ನೆ: ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳೊಂದಿಗೆ ಸಿಡ್ನಿಗೆ ಹೋಗುತ್ತಿದ್ದೇವೆ. ಸಿಂಗಪುರದಲ್ಲಿ ಮಧ್ಯಾಹ್ನ ಒಂದರಿಂದ ರಾತ್ರಿ ಎಂಟರವರೆಗೆ ಬಿಡುವಿದೆ. ಹೊರಗೆ ಕರೆದುಕೊಂಡು ಹೋಗಲೇ, ಬೇಡವೇ ಎಂಬ ಗೊಂದಲ.
(ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮದೇ ಆಗಿ ಊರು ಸುತ್ತಲು ಈ ಸಮಯ ಸಾಲದು. ಏಳು ಗಂಟೆಯಲ್ಲಿ ಇಳಿಯುವುದಕ್ಕೆ, ಮರಳಿ ಬರುವುದಕ್ಕೆ, ಮಕ್ಕಳ ಊಟ, ಬಚ್ಚಲು, ಹಟ ಎಲ್ಲಕ್ಕೂ ಲೆಕ್ಕ ಹಾಕಿದರೆ ಎರಡೂವರೆ ಗಂಟೆ ಉಳಿದರೆ ಹೆಚ್ಚು. ಅಷ್ಟೇ ಹೊತ್ತಿನ ಉಚಿತ ಪ್ರವಾಸವೊಂದನ್ನು ಚಾಂಗಿ ನಿಲ್ದಾಣದವರೇ ನಡೆಸುತ್ತಾರೆ. ಐದೂವರೆ ಗಂಟೆಗಿಂತ ಹೆಚ್ಚು, ಇಪ್ಪತ್ತನಾಲ್ಕು ಗಂಟೆಗಿಂತ ಕಡಿಮೆ ಬಿಡುವಿರುವ ಟ್ರಾನ್ಸಿಟ್ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದೊಯ್ದು, ಸಮಯಕ್ಕೆ ಸರಿಯಾಗಿ ಮರಳಿ ತಂದು ಬಿಡುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ: ಹೆಸರು ನೋಂದಾಯಿಸುವ ಕೌಂಟರ್ ಟ್ರಾನ್ಸಿಟ್ ಭಾಗದ ಒಳಗಿದೆ. ತಿಳಿಯದೆ ಮೊದಲೇ ಇಮಿಗ್ರೇಷನ್ ದಾಟಿ ಹೊರಬಂದವರನ್ನು ಸೇರಿಸಿಕೊಳ್ಳುವುದಿಲ್ಲ. ಅಂತರ್ಜಾಲದಲ್ಲಿ ಮುಂಚಿತವಾಗಿ ಜಾಗ ಕಾಯ್ದಿರಿಸಿಕೊಂಡು ಹೋದರೆ ನಿರಾಸೆಯಾಗದು. ವೀಸಾದ ನಿಯಮ ಮೇಲಿನ ಉತ್ತರದಲ್ಲಿ ಹೇಳಿದಂತೆಯೇ. ಮಕ್ಕಳಿಗೂ ಅದೇ ಅನ್ವಯಿಸುತ್ತದೆ.

ಜಾಗ ಸಿಗದಿದ್ದರೆ ಬೇಸರ ಬೇಡ. ಆ ವಯಸ್ಸಿನ ಮಕ್ಕಳಿಗೆ ನಿಲ್ದಾಣವೇ ಒಂದು ಊರು. ಮೂರನೆಯ ಟರ್ಮಿನಲ್‌ನಲ್ಲಿ ಜೀವಂತ ಚಿಟ್ಟೆಗಳು ಹಾರಾಡುವ ತೋಟವಿದೆ. ಅನಾನಸ್ ಹೋಳಿನ ಮೇಲೆ ಕುಳಿತು ರಸ ಹೀರುವ ಚಿಟ್ಟೆಯನ್ನು ಒಂದು ಗೇಣಿನ ದೂರದಿಂದ ನೋಡಬಹುದು. ಉಚಿತವಾಗಿ ಸಿನಿಮಾ ತೋರಿಸುವ ಮಂದಿರವಿದೆ, ಆಟದ ಜಾಗಗಳಿವೆ. ಜ್ಯುವೆಲ್‌ನ ಜಲಪಾತ ಇಮಿಗ್ರೇಷನ್ನಿನ ಹೊರಗಿದೆಯಾದರೂ, ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವೆ ಓಡುವ ಪುಟ್ಟ ರೈಲು ಅದರ ಗೋಳದೊಳಗಿನಿಂದಲೇ ಹಾದುಹೋಗುತ್ತದೆ. ವೀಸಾ ಇಲ್ಲದವರೂ ಕಿಟಕಿಯಿಂದ ನೀರು ಬೀಳುವುದನ್ನು ನೋಡಬಹುದು. ಬೇಕೆನಿಸಿದರೆ ಆ ಕಡೆಯಿಂದ ಈ ಕಡೆಗೆ ಇನ್ನೊಮ್ಮೆ ಹತ್ತಿ. ಯಾರೂ ಟಿಕೆಟ್ ಕೇಳುವುದಿಲ್ಲ.

ಪ್ರಶ್ನೆ: ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಒಂಬತ್ತು ಗಂಟೆ ಕಾಯಬೇಕು. ನನ್ನಲ್ಲಿ ಅಮೆರಿಕದ ಹತ್ತು ವರ್ಷದ ವೀಸಾ ಇದೆ. ಸಿಂಗಪುರದಂತೆ ಅಲ್ಲಿಯೂ ಹೊರಗೆ ಬಿಡುತ್ತಾರೆಯೇ?
(ಬೆಂಗಳೂರಿನ ಓದುಗರು)

ಉತ್ತರ: ಬಿಡುವುದಿಲ್ಲ. ಅಮೆರಿಕದ ವೀಸಾ ಎಷ್ಟೇ ವರ್ಷದ್ದಾಗಿದ್ದರೂ ಜರ್ಮನಿಯ ನೆಲದ ಮೇಲೆ ಕಾಲಿಡಲು ಷೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕೇ ಬೇಕು. ವಿಮಾನ ಬದಲಿಸಲು ಇರುವ ನಿಯಮ ಬೇರೆ, ಊರಿಗೆ ಹೋಗಲು ಇರುವ ನಿಯಮ ಬೇರೆ. ಇವೆರಡನ್ನೂ ಬೆರೆಸಿಕೊಂಡು ಬರೆದ ಪತ್ರಗಳು ನಮಗೆ ಬಹಳ ಬರುತ್ತವೆ. ಇದೊಂದು ಹಗಲಿಗಾಗಿ ಷೆಂಗನ್ ವೀಸಾಕ್ಕೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ವಾರಗಟ್ಟಲೆ ಪಾಸ್‌ಪೋರ್ಟ್ ಒಪ್ಪಿಸಿ ಕಾಯಿರಿ ಎಂದು ನಾನು ಹೇಳಲಾರೆ.

ಬೇರೆ ಕಾರಣಕ್ಕೆ ಪಡೆದ ಬಹುಪ್ರವೇಶದ ಷೆಂಗನ್ ವೀಸಾ ಇನ್ನೂ ಊರ್ಜಿತದಲ್ಲಿದ್ದರೆ ಮಾತ್ರ ಫ್ರಾಂಕ್‌ಫರ್ಟ್ ಒಳ್ಳೆಯ ಅವಕಾಶ. ಮೊದಲನೆಯ ಟರ್ಮಿನಲ್‌ನ ನೆಲಮಾಳಿಗೆಯಿಂದಲೇ ಎಸ್8, ಎಸ್9 ಸಂಖ್ಯೆಯ ಸ್ಥಳೀಯ ರೈಲುಗಳು ಹೊರಡುತ್ತವೆ. ಕಾಲು ಗಂಟೆಯಲ್ಲಿ ಊರಿನ ಮುಖ್ಯ ನಿಲ್ದಾಣದಲ್ಲಿರುತ್ತೀರಿ. ರೋಮರ್‌ಬರ್ಗ್ ಚೌಕದ ಸುತ್ತಲಿನ ಮರದ ಚೌಕಟ್ಟಿನ ಮನೆಗಳು ಹಳೆಯ ಕಾಲದವೆಂದೇ ಅನಿಸುತ್ತದೆ. ಆದರೆ 1944ರ ಮಾರ್ಚ್ ತಿಂಗಳ ಬಾಂಬ್ ದಾಳಿಯಲ್ಲಿ ಆ ಊರಿನ ಹಳೆಯ ಭಾಗ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಗಿತ್ತು. ಈಗ ಕಾಣುವುದು ಮತ್ತೆ ಕಟ್ಟಿದ್ದು. ಚೌಕಕ್ಕೂ ದೊಡ್ಡ ಚರ್ಚಿಗೂ ನಡುವಿನ ಓಣಿಗಳ ಪುನರ್ನಿರ್ಮಾಣ 2018ರಲ್ಲಷ್ಟೇ ಮುಗಿಯಿತು. ಜರ್ಮನ್ ಕವಿ ಗಯಟೆ ಹುಟ್ಟಿದ ಮನೆಯೂ ಹಾಗೆಯೇ ಮರುಹುಟ್ಟು ಪಡೆದದ್ದು. ಅಲ್ಲಿಂದ ಮೈನ್ ನದಿಯ ಮೇಲಿನ ಕಬ್ಬಿಣದ ಕಾಲುಸೇತುವೆಯವರೆಗೆ ನಡೆದು ಹಿಂದಿರುಗಿ. ಭಾನುವಾರವಾದರೆ ಅಂಗಡಿಗಳು ಮುಚ್ಚಿರುತ್ತವೆ, ಡಿಸೆಂಬರ್ ಆದರೆ ನಾಲ್ಕೂವರೆಗೇ ಕತ್ತಲಾಗುತ್ತದೆ.

ಸಮಯದ ಬಗ್ಗೆ ಇಲ್ಲಿ ಹೆಚ್ಚು ಎಚ್ಚರ ಬೇಕು. ಐರೋಪ್ಯ ದೇಶಗಳು 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಹೊರದೇಶದವರ ಬೆರಳಚ್ಚು ಮತ್ತು ಮುಖದ ಚಿತ್ರವನ್ನು ದಾಖಲಿಸುವ ಹೊಸ ವ್ಯವಸ್ಥೆಯನ್ನು ಆರಂಭಿಸಿವೆ. ಮೊದಲ ಬಾರಿ ದಾಖಲಾಗುವವರಿಗೆ ಸಾಲಿನಲ್ಲಿ ಹೊತ್ತು ಹಿಡಿಯುತ್ತದೆ. ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ ಕಾಗದಪತ್ರಗಳ ತಪಾಸಣೆಯೂ ಹೆಚ್ಚು. ಹೊರಡುವ ಮೂರು ಗಂಟೆ ಮೊದಲು ಒಳಗಿರಬೇಕೆಂದು ಇಟ್ಟುಕೊಂಡು, ಗಡಿಯ ಸಾಲು ಮತ್ತು ಹೋಗಿ ಬರುವ ದಾರಿಯ ಹೊತ್ತನ್ನೂ ಕಳೆದರೆ, ಒಂಬತ್ತರಲ್ಲಿ ನಾಲ್ಕು ಗಂಟೆ ಊರಿಗೆ ಉಳಿಯುತ್ತದೆ.

ಪ್ರಶ್ನೆ: ಮದುವೆಯಾದ ಮೇಲಿನ ಮೊದಲ ಪ್ರವಾಸಕ್ಕೆಂದು ನ್ಯೂಜಿಲೆಂಡ್‌ಗೆ ಹೋಗುತ್ತಿದ್ದೇವೆ. ಬರುವಾಗ ಸಂಜೆ ಐದಕ್ಕೆ ಸಿಂಗಪುರದಲ್ಲಿ ಇಳಿದು, ಮರುದಿನ ಬೆಳಗ್ಗೆ ಬೆಂಗಳೂರಿನ ವಿಮಾನ ಹತ್ತಬೇಕು. ಒಂದು ರಾತ್ರಿಯಲ್ಲಿ ಏನು ನೋಡಬಹುದು? ಅದನ್ನೇ ಎರಡು ದಿನಕ್ಕೆ ಹಿಗ್ಗಿಸಿಕೊಂಡರೆ ಟಿಕೆಟ್ ದರ ಹೆಚ್ಚಾಗುತ್ತದೆಯೇ?
(ಶಿವಮೊಗ್ಗದ ಓದುಗರು)

ಉತ್ತರ: ಮೈಸೂರಿನ ಹಿರಿಯರಿಗೆ ಬೇಡವೆಂದದ್ದೆಲ್ಲ ನಿಮಗೆ ಬೇಕು. ಚೀಲಗಳನ್ನು ನಿಲ್ದಾಣದಲ್ಲಿಯೇ ಇಟ್ಟು, ಮೆಟ್ರೊ ಹಿಡಿದು, ಎಕ್ಸ್‌ಪೊದಲ್ಲಿ ಡೌನ್‌ಟೌನ್ ಲೈನಿಗೆ ಬದಲಾಯಿಸಿ ಬೇಫ್ರಂಟ್ ನಿಲ್ದಾಣದಲ್ಲಿ ಇಳಿಯಿರಿ. 2012ರಲ್ಲಿ ತೆರೆದ ಗಾರ್ಡನ್ಸ್ ಬೈ ದ ಬೇ ಅಲ್ಲಿಂದ ಕೂಗಳತೆಯ ದೂರ. ಬಳ್ಳಿ ಹಬ್ಬಿಸಿದ ಉಕ್ಕಿನ ಮಹಾವೃಕ್ಷಗಳು, 25ರಿಂದ 50 ಮೀಟರ್ ಎತ್ತರದವು, ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಸಂಗೀತದೊಂದಿಗೆ ಬೆಳಗುತ್ತವೆ. ನೋಡಲು ಶುಲ್ಕವಿಲ್ಲ. ಜನ ನೆಲದ ಮೇಲೆ ಅಂಗಾತ ಮಲಗಿಯೇ ನೋಡುತ್ತಾರೆ, ನೀವೂ ಸಂಕೋಚಪಡಬೇಕಾಗಿಲ್ಲ. ಗಾಜಿನ ಮನೆಗಳ ದುಬಾರಿ ಟಿಕೆಟ್ಟನ್ನು ಈ ಸಲಕ್ಕೆ ಬಿಡಿ. ಒಂದು ಸಂಜೆಗೆ ಅದು ದಕ್ಕುವುದಿಲ್ಲ.

ಊಟಕ್ಕೆ ಲಾವ್ ಪಾ ಸಾತ್‌ಗೆ ಹೋಗಿ. 1894ರಲ್ಲಿ ಎರಕದ ಕಬ್ಬಿಣದಲ್ಲಿ ಕಟ್ಟಿದ ಅಷ್ಟಕೋನದ ಹಳೆಯ ಮಾರುಕಟ್ಟೆ ಅದು. ಈಗ ಒಳಗೆಲ್ಲ ತಿಂಡಿಯ ಮಳಿಗೆಗಳಿವೆ. ಸಂಜೆ ಪಕ್ಕದ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಮೇಜುಗಳನ್ನು ಹಾಕಿ, ಕಡ್ಡಿಗೆ ಚುಚ್ಚಿದ ಮಾಂಸವನ್ನು ಕೆಂಡದ ಮೇಲೆ ಸುಡುತ್ತಾರೆ. ಸಿಂಗಪುರದ ಈ ಬಯಲು ಭೋಜನದ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿನ ಎರಡು ರೂಢಿಗಳು ತಿಳಿದಿರಲಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಕಾಗದದ ಪುಟ್ಟ ಪೊಟ್ಟಣ ಬಿದ್ದಿದ್ದರೆ ಅದು ಯಾರೋ ಮರೆತದ್ದಲ್ಲ, ನಮ್ಮ ಬಸ್ಸಿನ ಸೀಟಿನ ಮೇಲೆ ಕಿಟಕಿಯಿಂದ ಎಸೆದ ಕರವಸ್ತ್ರದ ಹಾಗೆ ಜಾಗ ಹಿಡಿದಿಟ್ಟಿರುವ ಗುರುತು. ಎರಡನೆಯದಾಗಿ, ತಿಂದ ಮೇಲೆ ತಟ್ಟೆಯನ್ನು ನೀವೇ ಒಯ್ದು ನಿಗದಿತ ಜಾಗದಲ್ಲಿಡಬೇಕು. 2021ರಿಂದ ಅದು ಕಡ್ಡಾಯ.

ವಿಮಾನ ನಿಲ್ದಾಣದ ಕಡೆಯ ಮೆಟ್ರೊ ಸುಮಾರು ಹನ್ನೊಂದು ಗಂಟೆಗೆ ನಿಲ್ಲುತ್ತದೆ. ಮಧ್ಯರಾತ್ರಿ ದಾಟಿದರೆ ಟ್ಯಾಕ್ಸಿಯವರು ಮೀಟರಿನ ಅರ್ಧದಷ್ಟು ಹೆಚ್ಚುವರಿ ಪಡೆಯುತ್ತಾರೆ, ಅದು ಅಲ್ಲಿನ ನಿಯಮ. ಮಲಗುವುದಕ್ಕೆ ಊರಿನಲ್ಲಿ ಕೋಣೆ ಹಿಡಿಯುವ ಬದಲು, ಟ್ರಾನ್ಸಿಟ್ ಭಾಗದ ಒಳಗೇ ಗಂಟೆಗಳ ಲೆಕ್ಕದಲ್ಲಿ ಸಿಗುವ ಹೋಟೆಲನ್ನು ಮುಂಚೆಯೇ ಕಾಯ್ದಿರಿಸಿದರೆ ಬೆಳಗಿನ ಆತಂಕ ತಪ್ಪುತ್ತದೆ.

ಇನ್ನು ದರದ ವಿಷಯ. ಅಂತರರಾಷ್ಟ್ರೀಯ ಟಿಕೆಟ್ಟುಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಯೊಳಗಿನ ಕಾಯುವಿಕೆಯನ್ನು ವಿಮಾನ ಬದಲಾವಣೆಯೆಂದೇ ಎಣಿಸುತ್ತಾರೆ. ದರ ಬದಲಾಗುವುದಿಲ್ಲ, ದೊಡ್ಡ ಪೆಟ್ಟಿಗೆಗಳು ನೇರವಾಗಿ ಬೆಂಗಳೂರಿಗೆ ಹೋಗುತ್ತವೆ. ಅದನ್ನು ಮೀರಿದರೆ ಅದು ತಂಗುವಿಕೆಯಾಗುತ್ತದೆ. ಕೆಲವು ದರಗಳಲ್ಲಿ ಅದು ಉಚಿತ, ಕೆಲವದರಲ್ಲಿ ಶುಲ್ಕವಿದೆ, ಪೆಟ್ಟಿಗೆಗಳನ್ನು ಸಿಂಗಪುರದಲ್ಲಿಯೇ ಬಿಡಿಸಿಕೊಳ್ಳಬೇಕಾಗಬಹುದು. ಟಿಕೆಟ್ ಕೊಂಡಾದ ಮೇಲೆ ಬದಲಿಸುವುದು ದುಬಾರಿ. ಕೊಳ್ಳುವಾಗಲೇ ಎರಡೂ ಬಗೆಯಲ್ಲಿ ದರ ನೋಡಿ. ನಿಮ್ಮ ನ್ಯೂಜಿಲೆಂಡ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಅಥವಾ ಮರಳುವ ಹೊತ್ತಿಗೆ ಅವಧಿ ಮುಗಿಯುವಂತಿದ್ದರೆ, ನಿಯಮದ ಸಂದಿಗೊಂದಿಗಳಲ್ಲಿ ಸಿಲುಕದೆ ಊರಿನಿಂದ ಹೊರಡುವ ಮೊದಲೇ ಸಿಂಗಪುರದ ವೀಸಾ ಪಡೆಯುವುದು ಸರಳ.

ಪ್ರಶ್ನೆ: ಬೆಂಗಳೂರಿನಿಂದ ಸಿಂಗಪುರಕ್ಕೆ ಒಂದು ಟಿಕೆಟ್, ಅಲ್ಲಿಂದ ಪರ್ತ್‌ಗೆ ಇನ್ನೊಂದು ಸಂಸ್ಥೆಯ ಟಿಕೆಟ್ ಹೀಗೆ ಬಿಡಿಬಿಡಿಯಾಗಿ ಕೊಂಡರೆ ಅಗ್ಗವಾಗುತ್ತದೆ ಎನ್ನುತ್ತಾರೆ. ನಡುವೆ ಐದು ಗಂಟೆ ಇಟ್ಟುಕೊಂಡರೆ ಸಾಕೇ?
(ಮಂಗಳೂರಿನ ಓದುಗರು)

ಉತ್ತರ: ಅಗ್ಗವಾಗುವುದು ನಿಜ. ಆದರೆ ಎರಡು ಪ್ರತ್ಯೇಕ ಟಿಕೆಟ್ಟುಗಳಾದರೆ ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾವ ಸಂಸ್ಥೆಯೂ ಹೊಣೆ ಹೊರುವುದಿಲ್ಲ. ಪರ್ತ್ ಟಿಕೆಟ್ಟನ್ನು ಅಂದಿನ ದರದಲ್ಲಿ ಹೊಸದಾಗಿ ಕೊಳ್ಳಬೇಕಾಗುತ್ತದೆ. ಪೆಟ್ಟಿಗೆಗಳು ಸಾಮಾನ್ಯವಾಗಿ ನೇರವಾಗಿ ಹೋಗುವುದಿಲ್ಲ. ಹೊರಬಂದು, ಬಿಡಿಸಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಅಂದರೆ ಊರು ನೋಡದಿದ್ದರೂ ಸಿಂಗಪುರ ಪ್ರವೇಶದ ಅರ್ಹತೆ ಮತ್ತು ಅರೈವಲ್ ಕಾರ್ಡ್ ಎರಡೂ ಬೇಕು. ಈ ಕ್ರಮದಲ್ಲಿ ಹೋಗುವವರಿಗೆ ನನ್ನ ಸಲಹೆ, ಐದು ಗಂಟೆಯಲ್ಲ, ಒಂದು ರಾತ್ರಿ ಅಲ್ಲಿಯೇ ಉಳಿಯುವಂತೆ ಟಿಕೆಟ್ ಕೊಳ್ಳಿ. ಉಳಿಸಿದ ಹಣದಲ್ಲಿ ಹೋಟೆಲಿನ ಬಾಡಿಗೆ ಕಳೆದ ಮೇಲೂ ಲಾಭ ಕಂಡರೆ ಮಾತ್ರ ಮುಂದುವರಿಯಿರಿ. ಸಿಂಗಪುರದ ಕೋಣೆಗಳ ದರ ನೋಡಿದ ಮೇಲೆ ಹಲವರು ಒಂದೇ ಟಿಕೆಟ್ಟಿಗೆ ಮರಳುತ್ತಾರೆ.

ಪ್ರಶ್ನೆ: ದುಬೈನಲ್ಲಿ ನಾಲ್ಕು ಗಂಟೆ ಸಿಗುತ್ತದೆ. ಬುರ್ಜ್ ಖಲೀಫಾ ನೋಡಿ ಬರಬಹುದೇ?
(ದಾವಣಗೆರೆಯ ಓದುಗರು)

ಉತ್ತರ: ಬೇಡ. ನಾಲ್ಕು ಗಂಟೆಯಲ್ಲಿ ಹೊರಗೆ ಹೋಗಿ ಬರುವುದೇ ಆಗುತ್ತದೆ, ಎಡವಟ್ಟಾದರೆ ವಿಮಾನವೂ ತಪ್ಪುತ್ತದೆ. ಕಟ್ಟಡ 828 ಮೀಟರ್ ಎತ್ತರವಿದೆ; ಹಗಲಿನ ವಿಮಾನವಾಗಿ, ಆಕಾಶ ತಿಳಿಯಾಗಿದ್ದರೆ ಇಳಿಯುವಾಗಲೋ ಏರುವಾಗಲೋ ಕಿಟಕಿಯ ಪಕ್ಕದವರಿಗೆ ಕಾಣುವ ಸಾಧ್ಯತೆಯಿದೆ. ಸೀಟು ಆರಿಸಿಕೊಳ್ಳುವಾಗ ರೆಕ್ಕೆಯ ಮೇಲಿನದನ್ನು ಬಿಟ್ಟು ಮುಂದಿನದನ್ನು ಕೇಳಿ.